ಬಲಕ್ಕೆ ವಾಲುತ್ತಿದ್ದ ಫಿಯೆಟ್: ಒಂದು ಸೀಟು ರಿಪೇರಿಯ ಲೆಕ್ಕ

ನಮ್ಮ ಅಪ್ಪ ಕಾರು ಓಡಿಸುವುದನ್ನು ಹಿಂದಿನಿಂದ ನೋಡಿದರೆ, ಬಾಗಿಲಿನೊಳಗೆ ಯಾರೋ ಪಿಸುಗುಟ್ಟುತ್ತಿದ್ದಾರೆ, ಇವರು ಅದಕ್ಕೆ ಕಿವಿಗೊಟ್ಟಿದ್ದಾರೆ ಎನ್ನಿಸುತ್ತಿತ್ತು. ಅಷ್ಟು ಬಲಕ್ಕೆ ವಾಲಿಕೊಂಡು ಕೂರುತ್ತಿದ್ದರು. ವಾಲುವುದನ್ನು ತಡೆಯಲು ಬೈರಾಸನ್ನು (ಹೆಗಲಿನ ಟವೆಲನ್ನು) ಎಂಟು ಮಡಿಕೆ ಮಾಡಿ ಬಲ ತೊಡೆಯ ಅಡಿಗೆ ಇಟ್ಟುಕೊಳ್ಳುವುದು ಅವರ ಹತ್ತು ಹದಿನೈದು ವರ್ಷದ ಅಭ್ಯಾಸ. ಈ ಸಲ ಮಧೂರಿಗೆ ಹೋಗಿ ಬಂದ ಸಂಜೆ ಸೊಂಟ ಹಿಡಿದುಕೊಂಡು ಜಗಲಿಯಲ್ಲಿ ಕೂತವರು ರಾತ್ರಿ ಊಟಕ್ಕೂ ಏಳಲಿಲ್ಲ. ಕಾರು ಮಾರೋಣ ಎಂದು ಅಮ್ಮ, ಮಾರುವುದಿಲ್ಲ ಎಂದು ಅಪ್ಪ. ನಡುವೆ ಉಳಿದ ದಾರಿ ಸೀಟು ಸರಿಮಾಡುವುದು.

ಗಾಡಿ 1984ರ ಪ್ರೀಮಿಯರ್ ಪದ್ಮಿನಿ. ಪದ್ಮಿನಿ ಎಂಬ ಹೆಸರು ಬಂದು ಐವತ್ತು ವರ್ಷವಾದರೂ ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕದ ಕಡೆ ಅದು ಇಂದಿಗೂ ಫಿಯೆಟ್ಟೇ. ಮುಂದೆ ಎರಡು ಬಿಡಿ ಸೀಟುಗಳಿಲ್ಲ. ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಬೆಂಚು, ಗೇರು ಸ್ಟಿಯರಿಂಗ್ ಕಂಬದ ಮೇಲೆ. ಸೀಟು ಕಾರ್ಖಾನೆಯದ್ದಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪ ಒಮ್ಮೆ ಒಳಗಿನ ಸ್ಪ್ರಿಂಗ್ ಸಹಿತ ಎಲ್ಲವನ್ನೂ ಹೊಸದು ಹಾಕಿಸಿದ್ದರು. ಆದ್ದರಿಂದ ನಾನು ಕೆಳಗೆ ಬರೆದದ್ದು ಎಲ್ಲ ಪದ್ಮಿನಿಗಳಿಗೂ ಹೊಂದಬೇಕೆಂದಿಲ್ಲ. ನಾನು ತೋಟದವನು, ಕುಶನ್ ಕೆಲಸದವನಲ್ಲ ಎಂಬುದು ಓದುತ್ತ ಹೋದಂತೆ ನಿಮಗೇ ತಿಳಿಯುತ್ತದೆ.

ಪೇಟೆಯ ಕುಶನ್ ಅಂಗಡಿಯಲ್ಲಿ ಕೂರುವ ಭಾಗವೊಂದಕ್ಕೇ 8,000 ರೂಪಾಯಿ ಹೇಳಿದರು, ಎರಡು ದಿನದ ಕೆಲಸ. ನಾನೇ ಮಾಡಿಕೊಳ್ಳುತ್ತೇನೆ ಎಂದು ಎದ್ದು ಬಂದೆ.

ಏಪ್ರಿಲ್ 18: ಅಳತೆ

ಬೆಂಚಿನ ಅಗಲ 48 ಇಂಚು, ಆಳ 19 ಇಂಚು. ನೇರವಾದ ಒಂದು ಅಡಿಕೆ ಮರದ ಸಲಾಕೆಯನ್ನು ಬೆಂಚಿನ ಮೇಲೆ ಅಡ್ಡಲಾಗಿ ಇಟ್ಟು, ಸಲಾಕೆಯ ಅಡಿಯಿಂದ ರೆಕ್ಸಿನ್ ತನಕ ಸ್ಕೇಲ್ ಇಳಿಸಿ ನೋಡಿದೆ. ಅಪ್ಪ ಕೂರುವಲ್ಲಿ 2¾ ಇಂಚು ತಗ್ಗು. ಎಡಗಡೆ ಅಮ್ಮ ಕೂರುವಲ್ಲಿ ಮುಕ್ಕಾಲು ಇಂಚು. ಅಪ್ಪನ ಕಡೆ ಎಲ್ಲಕ್ಕಿಂತ ಹೆಚ್ಚು ತಗ್ಗಿದ್ದದ್ದು ಕೂರುವ ಜಾಗದ ನಡುವಿನಲ್ಲಲ್ಲ, ಬಾಗಿಲಿನ ಕಡೆಯ ಅಂಚಿನಿಂದ 7 ಇಂಚು ಒಳಗೆ. ಹತ್ತುವಾಗ, ಇಳಿಯುವಾಗ ಮೈಭಾರವೆಲ್ಲ ಬೀಳುವುದು ಅಲ್ಲಿಗೇ. ವಾಲುವುದಕ್ಕೆ ಕಾರಣ ಅಪ್ಪನ ವಯಸ್ಸಲ್ಲ ಎಂದು ಅಮ್ಮನಿಗೆ ಸಲಾಕೆ ಸಮೇತ ತೋರಿಸಿದೆ.

ಏಪ್ರಿಲ್ 20: ಸುಲಭದ ದಾರಿ

ಸೀಟು ಬಿಚ್ಚುವ ರಗಳೆಯೇ ಬೇಡವೆಂದು ಹಾಸಿಗೆ ಅಂಗಡಿಯಿಂದ 24 ಇಂಚು ಉದ್ದ, 20 ಇಂಚು ಅಗಲ, 2 ಇಂಚು ದಪ್ಪದ ಫೋಮ್ ತುಂಡು ತಂದೆ. 220 ರೂಪಾಯಿ. ಅದನ್ನು ಹಳೆಯ ಸೀಟಿನ ಮೇಲಿಟ್ಟು ಬಟ್ಟೆಯ ಕವರ್ ಎಳೆದೆ. ಕುಂಬಳೆಗೆ ಹೋಗುವಾಗ ಸುಖವಾಗಿತ್ತು. ಬರುವಾಗ ಫೋಮ್ ಹಿಂದಕ್ಕೆ ಜಾರಿತ್ತು. ಸೀಟು ಎತ್ತರವಾದ್ದರಿಂದ ತೊಡೆ ಸ್ಟಿಯರಿಂಗಿಗೆ ತಾಗುತ್ತಿತ್ತು. ಹತ್ತೇ ದಿನದಲ್ಲಿ ಬಲಗಡೆ ಮತ್ತೆ ಅದೇ ಗುಂಡಿ. ಮೇಲಿನ ಫೋಮ್ ಕೆಳಗಿನ ಗುಂಡಿಯ ಆಕಾರವನ್ನೇ ಪಡೆದಿತ್ತು.

ಅಂಗಡಿಯಲ್ಲಿ ಅದನ್ನು 23 ಡೆನ್ಸಿಟಿ ಎಂದು ಕೊಟ್ಟಿದ್ದರು. ಆಮೇಲೆ ಬುದ್ಧಿ ಬಂದು ತೂಗಿದೆ: 290 ಗ್ರಾಂ. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕಿಲೋ ಎಂಬುದು, ಅಷ್ಟೆ. ಲೆಕ್ಕ ಹಾಕಿದರೆ 18ರ ಆಸುಪಾಸು ಬರುತ್ತದೆ. ಫೋಮ್ ಕೊಳ್ಳುವವರು ಬೆರಳಿನಿಂದ ಒತ್ತಿ ನೋಡುವುದಕ್ಕಿಂತ ತಕ್ಕಡಿ ಒಯ್ಯುವುದು ಒಳ್ಳೆಯದು.

ಏಪ್ರಿಲ್ 30, ಮೇ 1: ಸೀಟು ಹೊರಗೆ

ನಾಲ್ಕು ಬೋಲ್ಟು, 13ರ ಸ್ಪಾನರ್. ಮೂರು ಬೋಲ್ಟುಗಳು ರಾತ್ರಿಯಿಡೀ ಸೀಮೆಎಣ್ಣೆ ಕುಡಿದು ಬೆಳಿಗ್ಗೆ ಬಿಟ್ಟುಕೊಟ್ಟವು. ನಾಲ್ಕನೆಯದ್ದರ ತಲೆ ಮುರಿದು ಕೈಗೆ ಬಂತು. ಸ್ಪಾನರಿಗೆ ಎರಡು ಅಡಿ ಪೈಪು ಸಿಕ್ಕಿಸಿ ಎಳೆದ ನನ್ನದೇ ತಪ್ಪು. ಇನ್ನೊಂದು ರಾತ್ರಿ ಎಣ್ಣೆಯಲ್ಲಿ ಬಿಟ್ಟಿದ್ದರೆ ಅದೂ ಬರುತ್ತಿತ್ತು. ಉಳಿದ ತುಂಡನ್ನು ಡ್ರಿಲ್ ಮಾಡಿ ತೆಗೆಸಲು ವರ್ಕ್‌ಶಾಪಿನಲ್ಲಿ 150 ರೂಪಾಯಿ.

ಆಮೇಲೆ ಗೊತ್ತಾಯಿತು, ವರ್ಕ್‌ಶಾಪಿನಿಂದ ಕಾರು ಮನೆಗೆ ತರಲು ಕೂರುವುದಕ್ಕೆ ಜಾಗವೇ ಇಲ್ಲ. ಅಡಿಕೆ ಹೆಕ್ಕುವ ಬುಟ್ಟಿಯನ್ನು ಕವುಚಿ ಕೂತು ಬರೋಣ ಎಂದು ನೋಡಿದೆ, ಬ್ರೇಕ್ ಒತ್ತಿದರೆ ನಾನು ಹಿಂದಕ್ಕೆ ಹೋಗುತ್ತಿದ್ದೆ. ಮನೆಗೆ ಫೋನ್ ಮಾಡಿ ಸೀಟನ್ನೇ ಪಿಕಪ್‌ನಲ್ಲಿ ತರಿಸಿ, ಮೂರು ಬೋಲ್ಟಿನಲ್ಲಿ ನಿಲ್ಲಿಸಿ, ಮನೆ ತಲುಪಿ ಮತ್ತೆ ಬಿಚ್ಚಿದೆ.

ಮೇ 2: ಒಳಗೆ ಕಂಡದ್ದು

ಸೀಟನ್ನು ಅಂಗಾತ ಹಾಕಿ, ರೆಕ್ಸಿನನ್ನು ಚೌಕಟ್ಟಿಗೆ ಹಿಡಿದಿದ್ದ ತಂತಿಯ ರಿಂಗುಗಳನ್ನು ಪಕ್ಕಡಿನಲ್ಲಿ ಒಂದೊಂದಾಗಿ ಬಿಡಿಸಿದೆ. ಒಟ್ಟು 46. ಕವರ್ ಎತ್ತಿದ ಕೂಡಲೇ ಹಳದಿ ಹುಡಿ ಉದುರಿತು. ಹಳೆಯ ಫೋಮ್ ಅಡಿಯಲ್ಲಿ ಕಡಲೆಹಿಟ್ಟಿನಂತಾಗಿತ್ತು. ಬೆರಳಿನಲ್ಲಿ ಹಿಸುಕಿದರೆ ಬೆರಳೇ ಹಳದಿ. ಒಳಗೆ ಸಿಕ್ಕ ಆಸ್ತಿ: 25 ಪೈಸೆಯ ಎರಡು ನಾಣ್ಯ, ಅಕ್ಕನ ತಲೆಯ ಕ್ಲಿಪ್, ಇಲಿ ತಂದಿಟ್ಟ ಅಡಿಕೆ ಹೋಳುಗಳು ಒಂದು ಬೊಗಸೆ.

ನಿಜವಾದ ರೋಗ ಇದ್ದದ್ದು ಇನ್ನೂ ಕೆಳಗೆ. ಚೌಕಟ್ಟಿನ ಮುಂದಿನಿಂದ ಹಿಂದಕ್ಕೆ ಹಾವಿನಂತೆ ಬಳುಕಿ ಹೋಗುವ ಸ್ಪ್ರಿಂಗುಗಳು ಒಂಬತ್ತು ಸಾಲು. ಬಲ ತುದಿಯಿಂದ ಎರಡನೆಯದು ಮತ್ತು ಮೂರನೆಯದು ಹಿಂದಿನ ಕ್ಲಿಪ್ಪಿನ ಹತ್ತಿರದ ತಿರುವಿನಲ್ಲಿ ತುಂಡಾಗಿದ್ದವು. ನಾಲ್ಕನೆಯದು ಮುರಿದಿರಲಿಲ್ಲ, ಕ್ಲಿಪ್ಪಿನಿಂದ ಜಾರಿ ನೇತಾಡುತ್ತಿತ್ತು. ಸ್ಪ್ರಿಂಗಿಗೂ ಫೋಮಿಗೂ ನಡುವೆ ಇರಬೇಕಾದ ಗೋಣಿಯ ಪದರ ಅಲ್ಲಿ ಹರಿದು, ಮುರಿದ ತಂತಿಯ ತುದಿ ಫೋಮನ್ನು ಇಷ್ಟು ವರ್ಷವೂ ಗರಗಸದಂತೆ ಕೊಯ್ಯುತ್ತ ಬಂದಿತ್ತು. ಇಂಥ ಸೀಟಿನ ಮೇಲೆ ಹಾಸಿಗೆಯ ಫೋಮ್ ಇಟ್ಟು ನಾನು ಕುಂಬಳೆಗೆ ಹೋಗಿ ಬಂದಿದ್ದೆ!

ಎಡಗಡೆಯ ಸಾಲುಗಳು ಸರಿಯಿವೆ ಎಂದು ಮೊದಲು ಬಿಟ್ಟಿದ್ದೆ. ತೊಳೆದು ನೋಡುವಾಗ ಎಡ ತುದಿಯ ಸ್ಪ್ರಿಂಗಿನ ಮೇಲೆ ನೀಲಿ-ಹಸಿರು ಹುಪ್ಪಳಿಕೆ ಕಂಡಿತು, ಗೋಣಿಯ ಮೇಲೂ ಅದೇ ಬಣ್ಣದ ಕಲೆ. ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್! ಮಳೆಗಾಲದ ಮೊದಲು ಅಡಿಕೆಯ ಕೊಳೆರೋಗದ ಮದ್ದಿಗೆಂದು ಮೈಲುತುತ್ತಿನ ಚೀಲವನ್ನು ಪ್ರತಿ ವರ್ಷವೂ ಅಮ್ಮನ ಜಾಗದಲ್ಲಿ ಕೂರಿಸಿ ತರುತ್ತಿದ್ದೆವು. ಒದ್ದೆಯಾದ ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ಅದಕ್ಕಾಗಿಯೇ ಮದ್ದನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸುವುದಿಲ್ಲ. ತೋಟದಲ್ಲಿ ಗೊತ್ತಿದ್ದ ಈ ಸಂಗತಿ ಕಾರಿನಲ್ಲಿ ನೆನಪಾಗಿರಲಿಲ್ಲ. ಬೇರೆ ಸ್ಪ್ರಿಂಗುಗಳ ತಂತಿ 3.8 ಮಿ.ಮೀ. ದಪ್ಪ, ಇದು 3.1. ಮುರಿಯುವ ಸರದಿ ಕಾಯುತ್ತಿತ್ತು.

ಮೇ 4ರಿಂದ 19: ಸ್ಪ್ರಿಂಗಿನ ಜೊತೆ ಜಗಳ

ಈ ಭಾಗದಲ್ಲಿ ಮೂರು ಸಲ ಸೋತೆ.

ಮೊದಲ ಸಲ, ಮುರಿದ ಎರಡು ತುದಿಗಳನ್ನು ಬೈಂಡಿಂಗ್ ವಯರ್ ಸುತ್ತಿ ಜೋಡಿಸಿದೆ. ಅದರ ಮೇಲೆ ಹಲಗೆ ಇಟ್ಟು ಕೂತು ಎದ್ದು ಮಾಡಿದೆ. ಕೂತಾಗ ಕಟಕ್, ಎದ್ದಾಗ ಕಟಕ್. ಮೂರನೆಯ ದಿನ ವಯರ್ ಸವೆದು ಹರಿಯಿತು.

ಎರಡನೆಯ ಸಲ, ವೆಲ್ಡಿಂಗ್. ಗೇಟು, ಗ್ರಿಲ್ ಮಾಡುವವರ ಬಳಿ ಒಯ್ದೆ. ಸ್ಪ್ರಿಂಗಿಗೆ ವೆಲ್ಡಿಂಗ್ ನಿಲ್ಲುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು, ನಾನೇ ಒತ್ತಾಯ ಮಾಡಿದೆ. 200 ರೂಪಾಯಿ. ಮನೆಗೆ ತಂದು ಕೂತ ಹತ್ತನೆಯ ಸಲಕ್ಕೆ ಟಣ್ ಎಂದು ಮುರಿಯಿತು. ಬೆಸುಗೆ ಗಟ್ಟಿಯಾಗಿಯೇ ಇತ್ತು, ಅದರ ಪಕ್ಕದ ಅರ್ಧ ಇಂಚಿನಲ್ಲಿ ತಂತಿ ತುಂಡಾಗಿತ್ತು. ಬೆಂಕಿ ತಗುಲಿದ ಜಾಗದಲ್ಲಿ ಉಕ್ಕಿನ ಹದ ಹೋಗಿತ್ತು.

ಕೊನೆಗೆ ಮಂಗಳೂರಿನಲ್ಲಿ ಸೋಫಾ ಮಾಡುವವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಇದೇ ಜಾತಿಯ ಸ್ಪ್ರಿಂಗ್ ಸಿಕ್ಕಿತು, ತಂತಿಯ ದಪ್ಪವೂ 3.8 ಮಿ.ಮೀ. ಮೂರು ತುಂಡಿಗೆ 270, ಹತ್ತು ಕ್ಲಿಪ್ಪಿಗೆ 80. ಒಳಗೆ ನೂಲು ಹೊಲಿದ ದಪ್ಪ ಕ್ಲಿಪ್ಪನ್ನೇ ಕೇಳಿ ತಂದೆ. ಬರಿಯ ತಗಡಿನ ಕ್ಲಿಪ್ ಕಿರುಗುಟ್ಟುತ್ತದೆ.

ಕತ್ತರಿಸಲು ಗ್ರೈಂಡರ್ ಬೇಕು, ಹ್ಯಾಕ್ಸಾ ಬ್ಲೇಡು ಬರೀ ಜಾರುತ್ತದೆ. ಹಳೆಯ ಸ್ಪ್ರಿಂಗಿನ ತಿರುವುಗಳನ್ನು ಎಣಿಸಿ ಅಷ್ಟೇ ತಿರುವಿಗೆ ಕತ್ತರಿಸಿದೆ. ತುದಿಯನ್ನು ಒಳಕ್ಕೆ ಕೊಕ್ಕೆಯಂತೆ ಬಗ್ಗಿಸದೆ ಕ್ಲಿಪ್ಪಿಗೆ ಹಾಕಿದ್ದು ಮೂರನೆಯ ಸೋಲು. ಇಂಥ ಸ್ಪ್ರಿಂಗ್ ಬಿಡಿಯಾಗಿದ್ದಾಗ ಬಳೆಯಂತೆ ಸುರುಳಿ ಸುತ್ತಿಕೊಳ್ಳಲು ನೋಡುತ್ತದೆ. ಅದನ್ನು ಎಳೆದು ನೇರಮಾಡಿ ಹಿಂದಿನ ಕ್ಲಿಪ್ಪಿಗೆ ಸಿಕ್ಕಿಸಬೇಕು. ಎಳೆದು ಸಿಕ್ಕಿಸಿ ಕೈಬಿಟ್ಟೆ, ತುದಿ ಜಾರಿ ಬಂದು ಎಡಗೈಯ ಗೆಣ್ಣಿಗೆ ಬಡಿಯಿತು. ನಾಲ್ಕು ದಿನ ಆ ಬೆರಳು ಮಡಚಲಾಗಲಿಲ್ಲ. ಕಣ್ಣಿಗೆ ಬಂದಿದ್ದರೆ ಈ ಲೆಕ್ಕ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಎರಡನೆಯ ಬಾರಿ ತುದಿ ಬಗ್ಗಿಸಿ, ಸ್ಪ್ರಿಂಗಿಗೆ ಹಗ್ಗ ಕಟ್ಟಿ, ಕಾಲನ್ನು ಚೌಕಟ್ಟಿಗೆ ಒತ್ತಿ ಎಳೆದೆ. ಭಾವ ಕ್ಲಿಪ್ ಸಿಕ್ಕಿಸಿದರು. ಇದು ಇಬ್ಬರ ಕೆಲಸ.

ಮೇ 24, 25: ತುಕ್ಕು, ಗೋಣಿ

ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ಒಂದು ಕೈ ರೆಡ್ ಆಕ್ಸೈಡ್, ಒಂದು ಕೈ ಕಪ್ಪು ಎನಾಮಲ್. ಬ್ರಷ್ಷೂ ಸೇರಿ 310 ರೂಪಾಯಿ.

ಸ್ಪ್ರಿಂಗಿನ ಮೇಲೆ ಹಾಸಲು ಮೊದಲು ಗೊಬ್ಬರದ ಪ್ಲಾಸ್ಟಿಕ್ ಚೀಲ ಕತ್ತರಿಸಿ ಹಾಕಿದ್ದೆ, ಕೊಳೆಯುವುದಿಲ್ಲ ಎಂಬ ಜಾಣತನದಿಂದ. ಕೂತರೆ ಹಪ್ಪಳ ಮುರಿದ ಸದ್ದು. ಕಿತ್ತು ಬಿಸಾಡಿ ಹಳೆಯ ಅಡಿಕೆ ಗೋಣಿ ಎರಡು ಪದರ ಹಾಸಿದೆ. ಬರೀ ಹಾಸಿದರೆ ಸರಿಯುತ್ತದೆ, ಆದ್ದರಿಂದ ಗೋಣಿ ಹೊಲಿಯುವ ದಬ್ಬಣದಲ್ಲಿ ಹುರಿ ಪೋಣಿಸಿ ಪ್ರತಿ ಸ್ಪ್ರಿಂಗಿಗೂ ನಾಲ್ಕು ನಾಲ್ಕು ಕಡೆ ಕಟ್ಟಿದೆ. ಅರ್ಧ ದಿನ ಹೋಯಿತು. ಇಡೀ ಕೆಲಸದಲ್ಲಿ ಒಮ್ಮೆಯೂ ಬಿಚ್ಚಬೇಕಾಗಿ ಬಾರದೆ ನಿಂತದ್ದು ಇದೊಂದೇ.

ಮೇ 27ರಿಂದ ಜೂನ್ 3: ನಾರು

ಹಳೆಯ ಸೀಟಿನಲ್ಲಿ ಗೋಣಿಯ ಮೇಲೆ ತೆಂಗಿನ ನಾರಿನ ಒಂದು ಹಾಸು ಇತ್ತು, ಅದರ ಮೇಲೆ ಫೋಮ್. ಯಾರೂ ಕೂರದ ಹಿಂದಿನ ಮೂಲೆಯಲ್ಲಿ ಅಳೆದಾಗ ಎಲ್ಲ ಪದರ ಸೇರಿ 3½ ಇಂಚು ಇತ್ತು. ಹೊಸ ಸೀಟಿನ ದಪ್ಪವನ್ನು ನಾನು ನಿರ್ಧರಿಸಿದ್ದು ಆ ಮೂಲೆಯನ್ನು ನೋಡಿಯೇ.

ನಾರಿಗೆ ದುಡ್ಡು ಕೊಡುವುದೇ? 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರ ತೆರೆದ ಊರು ನಮ್ಮ ಕಾಸರಗೋಡು. ಮನೆಯ ಹಿಂದೆ ಎದೆ ಮಟ್ಟಕ್ಕೆ ಕಾಯಿಸಿಪ್ಪೆಯ ರಾಶಿ. ಸಿಪ್ಪೆಯನ್ನು ಮೂರು ದಿನ ನೀರಲ್ಲಿ ಹಾಕಿ, ಬಡಿದು, ಬಿಡಿಸಿ, ಒಣಗಿಸಿ ಒಂದು ಇಂಚು ದಪ್ಪಕ್ಕೆ ಹರಡಿದೆ. ಮರುದಿನ ಅದರ ಮೇಲೆ ಕೂತು ಪತ್ರಿಕೆ ಓದಿದೆ. ಎದ್ದು ನೋಡಿದರೆ ಚಪಾತಿಯಂತೆ ಚಪ್ಪಟೆ, ಪಂಚೆಯ ತುಂಬ ಕಂದು ಹುಡಿ.

ಕುಶನ್ ಅಂಗಡಿಯ ಮೇಸ್ತ್ರಿ ಆ ದಾರಿಯಾಗಿ ಹೋಗುವಾಗ ಒಮ್ಮೆ ಇಣುಕಿದರು. ಎಂಟು ಸಾವಿರ ಹೇಳಿದವರು ಇವರೇ. ನಾರನ್ನು ಒಂದು ಮುಷ್ಟಿ ಹಿಡಿದು ಒತ್ತಿ ಬಿಟ್ಟು, “ಪೋರಾ” ಎಂದರು. ಸಾಲದು. ಆಮೇಲೆ ನಮ್ಮ ಬಾವಿಯ ಹಳೆಯ ಹಗ್ಗದ ತುಂಡೊಂದನ್ನು ಎತ್ತಿಕೊಂಡು ಹುರಿ ಬಿಚ್ಚಿ ತೋರಿಸಿದರು. ಹಗ್ಗದಿಂದ ಬಿಡಿಸಿದ ಎಳೆಗಳು ಗುಂಗುರು ಕೂದಲಿನಂತೆ ಸುರುಳಿಯಾಗಿದ್ದವು. ಒತ್ತಿದರೆ ತಗ್ಗುತ್ತವೆ, ಬಿಟ್ಟರೆ ಏಳುತ್ತವೆ. “ಚಕಿರಿ (ನಾರು) ನೇರ ಇದ್ದರೆ ಮಲಗಿಬಿಡುತ್ತದೆ. ಅದಕ್ಕೇ ಫ್ಯಾಕ್ಟರಿಯಲ್ಲಿ ಮೊದಲು ಹಗ್ಗ ಮಾಡುತ್ತಾರೆ, ಆಮೇಲೆ ಬಿಚ್ಚುತ್ತಾರೆ, ಮೇಲಿಂದ ರಬ್ಬರ್ ಹಾಲು ಹೊಡೆಯುತ್ತಾರೆ.”

ಆ ಮುಷ್ಟಿ ನಾರನ್ನು ನಾನು ಸುಮಾರು ಹೊತ್ತು ಒತ್ತಿ ಒತ್ತಿ ನೋಡುತ್ತ ಕೂತಿದ್ದೆ. ಹುಟ್ಟಿದಂದಿನಿಂದ ತೆಂಗಿನ ಮರದಡಿಯಲ್ಲಿ ಬದುಕಿದವನಿಗೆ ಇದು ಗೊತ್ತಿರಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. ಬಾವಿಹಗ್ಗ ಬಿಚ್ಚಲು ಎರಡು ಸಂಜೆ ಕೂತೆ. ಕಾಲು ಸೀಟಿಗೂ ಸಾಲಲಿಲ್ಲ, ಉಗುರಿನ ಬುಡ ಹರಿಯಿತು. ಕೊನೆಗೆ ಒಂದು ಇಂಚು ದಪ್ಪದ ರಬ್ಬರ್ ಹಾಕಿದ ನಾರಿನ ಹಾಸು ಕೊಂಡು ತಂದೆ, 850 ರೂಪಾಯಿ.

ಜೂನ್ 8: ಗಮ್

ಫೋಮ್ ಈ ಸಲ 40 ಡೆನ್ಸಿಟಿ, 2 ಇಂಚು ದಪ್ಪ, 72 ಇಂಚು ಉದ್ದ, 36 ಇಂಚು ಅಗಲ. ಬೆಲೆ 2,100. ಸುರುಳಿ ಸುತ್ತಿ ಹಗ್ಗ ಕಟ್ಟಿ ಬಸ್ಸಿಗೆ ಹತ್ತಿಸಿದರೆ ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದರು. ಮನೆಗೆ ತಂದು ಅಡಿಕೆ ತೂಗುವ ತಕ್ಕಡಿಯಲ್ಲಿ ಇಟ್ಟೆ: 3 ಕಿಲೋ 350 ಗ್ರಾಂ. 40 ಡೆನ್ಸಿಟಿಗೆ 3 ಕಿಲೋ 400 ಬರಬೇಕು. ಈ ಅಂಗಡಿಯವರು ಪ್ರಾಮಾಣಿಕರು.

ಕತ್ತರಿಸಲು ಹ್ಯಾಕ್ಸಾ ಬ್ಲೇಡನ್ನು ಹಿಡಿಯಿಂದ ಬಿಚ್ಚಿ ಬರಿಗೈಯಲ್ಲಿ ಹಿಡಿದು ಉದ್ದುದ್ದ ಎಳೆದೆ, ನುಣ್ಣಗೆ ಬಂತು. ಆದರೆ ಚೌಕಟ್ಟಿನ ಅಳತೆಗೆ ಸರಿಯಾಗಿ ಕತ್ತರಿಸಿದೆ. ಸುತ್ತಲೂ ಅರ್ಧ ಇಂಚು ಹೆಚ್ಚು ಬಿಡಬೇಕಿತ್ತು. ಹಾಗೆ ಬಿಟ್ಟರೆ ಮಾತ್ರ ಮೂಲೆಗಳಲ್ಲಿ ಕವರ್ ತುಂಬಿ ನಿಲ್ಲುತ್ತದೆ. ಉಳಿದ ಫೋಮಿನಿಂದ ಪಟ್ಟಿ ಕತ್ತರಿಸಿ ಅಂಚಿಗೆ ಅಂಟಿಸಬೇಕಾಯಿತು. ಈಗಲೂ ಮುಂದಿನ ಅಂಚನ್ನು ಬೆರಳಿನಿಂದ ಸವರಿದರೆ ಆ ಜೋಡಣೆ ತಿಳಿಯುತ್ತದೆ.

ಅಂಟಿಸುವ ದಿನ ಹೊರಗೆ ಜಡಿಮಳೆ. ಗಮ್ಮನ್ನು ನಾರಿನ ಹಾಸಿಗೂ ಫೋಮಿಗೂ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಲಿ ಎಂದು ಕಾದೆ. ಒಣಗುವ ಬದಲು ಮೇಲೆ ಬೆಳ್ಳಗೆ ಮಂಜು ಕಟ್ಟಿತು. ಒತ್ತಿ, ಭಾರ ಇಟ್ಟು, ಬೆಳಿಗ್ಗೆ ನೋಡಿದರೆ ದೋಸೆ ಕಾವಲಿಯಿಂದ ಎದ್ದಂತೆ ಎರಡೂ ಬೇರೆ ಬೇರೆ. ಗಾಳಿಯ ನೀರಿನ ಪಸೆ ಗಮ್ಮಿನ ಮೇಲೆ ಕೂತರೆ ಅದು ಹಿಡಿಯುವುದಿಲ್ಲ. 290 ರೂಪಾಯಿಯ ಡಬ್ಬಿ ಹೋಯಿತು.

ಬಚ್ಚಲಿನ ಒಲೆಯ ಹತ್ತಿರ ಬೆಚ್ಚಗಿರುತ್ತದೆ, ಅಲ್ಲಿ ಮಾಡೋಣ ಎಂದು ಡಬ್ಬಿ ಹಿಡಿದು ಹೊರಟವನನ್ನು ಅಮ್ಮ ತಡೆದರು. “ಅದರ ವಾಸನೆಗೇ ಬೆಂಕಿ ಹಿಡಿಯುವ ಹಾಗಿದೆ. ಕಾರಿನ ಸೀಟಿಗಾಗಿ ಮನೆ ಸುಡಬೇಡ.” ಡಬ್ಬಿಯ ಮೇಲೆ ಬೆಂಕಿಯ ಚಿತ್ರ ಇತ್ತು, ನಾನು ನೋಡಿರಲಿಲ್ಲ.

ಅಲ್ಲಿಗೆ ಕೆಲಸ ನಿಂತಿತು. ಮಳೆ ಬಿಟ್ಟ ಹೊತ್ತಿನಲ್ಲೆಲ್ಲ ತೋಟಕ್ಕೆ ಮದ್ದು ಬಿಡುವುದು ಆಯಿತು. ಮೈಲುತುತ್ತು ಈ ಸಲ ರಿಕ್ಷಾದಲ್ಲಿ ಬಂತು.

ಜುಲೈ 25

ಆಟಿ ತಿಂಗಳ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಎಂದು ತುಳುವಿನಲ್ಲಿ ಒಂದು ಮಾತಿದೆ. ಎರಡು ದಿನ ಅಂಥ ಬಿಸಿಲು ಬಂತು. ಫೋಮು, ನಾರಿನ ಹಾಸು ಎರಡನ್ನೂ ಅಂಗಳದಲ್ಲಿ ಕಾಯಿಸಿ, ಮಧ್ಯಾಹ್ನ ಹನ್ನೆರಡಕ್ಕೆ ಹೊಸ ಡಬ್ಬಿಯ ಗಮ್ಮನ್ನು ತೆಳ್ಳಗೆ ಹಚ್ಚಿ ಹತ್ತು ನಿಮಿಷ ಬಿಟ್ಟು ಒತ್ತಿದೆ. ಬಿಡಿಸಲು ಎಳೆದರೆ ಫೋಮ್ ಹರಿದೀತೇ ಹೊರತು ಅಂಟು ಬಿಡಲಿಕ್ಕಿಲ್ಲ. ಅಷ್ಟೇ.

ಜುಲೈ 28ರಿಂದ ಆಗಸ್ಟ್ 12: ಕವರ್

ಇಲ್ಲಿ ಮಾಡಿದ ತಪ್ಪು ಎಲ್ಲಕ್ಕಿಂತ ದೊಡ್ಡದು. ಅಷ್ಟೇ ಮೂರ್ಖತನದ್ದು ಕೂಡ.

ಹಳೆಯ ಕವರಿನ ಹೊಲಿಗೆ ಬಿಚ್ಚಿ, ತುಂಡುಗಳಿಗೆ ನಂಬರ್ ಬರೆದು, ಅವನ್ನೇ ಅಚ್ಚಾಗಿ ಹೊಸ ರೆಕ್ಸಿನಿನ ಮೇಲೆ ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಹೊಲಿಗೆಗೆ ಅರ್ಧ ಇಂಚು ಬಿಟ್ಟೆ. ರೆಕ್ಸಿನ್ ಎರಡೂವರೆ ಮೀಟರ್, ಮೀಟರಿಗೆ 380ರಂತೆ 950. ರೆಕ್ಸಿನಿನ ಅಡಿಗೆ ಸೇರಿಸಿ ಹೊಲಿಯಲು ಅರ್ಧ ಇಂಚಿನ ತೆಳು ಫೋಮ್ 260. ಅಮ್ಮನ ಹೊಲಿಗೆ ಮಿಷಿನಿನಲ್ಲಿ ಎರಡು ಪದರ ಹೇಗೋ ಹೋಯಿತು. ಬೀಡಿಂಗ್ ಇಟ್ಟು ನಾಲ್ಕು ಪದರವಾದಲ್ಲಿ ಮೂರು ಸೂಜಿ ಮುರಿಯಿತು. ನಾಲ್ಕನೆಯದ್ದು ಮುರಿಯುವ ಮೊದಲು ಅಮ್ಮ ಮಿಷಿನಿಗೆ ಬಟ್ಟೆ ಮುಚ್ಚಿದರು. ನೂಲು, ಸೂಜಿ 120. ತುಂಡುಗಳನ್ನು ಮೇಸ್ತ್ರಿಯ ಬಳಿಯೇ ಒಯ್ದೆ, ಹೊಲಿಗೆಗೆ 700 ತೆಗೆದುಕೊಂಡರು.

ಕವರ್ ತಂದು ತೊಡಿಸಿದೆ. ಎಡಗಡೆ ಬಿಗಿಯಾಗಿ ಕೂತಿತು. ಬಲಗಡೆ ದೊಡ್ಡವರ ಅಂಗಿ ಹಾಕಿದ ಮಗುವಿನಂತೆ ಜೋತು ಬಿದ್ದಿತು. ಎಷ್ಟು ಎಳೆದರೂ ಬಾಗಿಲಿನ ಕಡೆ ಒಂದೂವರೆ ಇಂಚು ಸಡಿಲ. ಫೋಮ್ ಕಡಿಮೆಯಾಯಿತೇ ಎಂದು ಸಲಾಕೆ ಇಟ್ಟರೆ ಅದು ಸರಿಯಾಗಿಯೇ ಇದೆ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಇಷ್ಟು ವರ್ಷ ಅಪ್ಪನ ಭಾರಕ್ಕೆ ಜಗ್ಗಿ ಹಿಗ್ಗಿದ್ದ ಹಳೆಯ ರೆಕ್ಸಿನನ್ನೇ ನಾನು ಅಚ್ಚು ಮಾಡಿಕೊಂಡಿದ್ದೆ. ಬುಡದಿಂದ ಕಿತ್ತು ಹಾಕಿದ ಗುಂಡಿಯನ್ನು ಹೊಸ ಬಟ್ಟೆಯಲ್ಲಿ ಅಳತೆ ತಪ್ಪದೆ ಹೊಲಿಸಿಕೊಂಡು ಬಂದಿದ್ದೆ.

ಅಷ್ಟು ಹಿಗ್ಗಿರದ ಎಡಗಡೆಯ ತುಂಡನ್ನು ಮಗುಚಿ ಇಟ್ಟರೆ ಬಲಗಡೆಯ ಅಚ್ಚು ಆಗುತ್ತಿತ್ತು. ಮಿಕ್ಕ ರೆಕ್ಸಿನ್ ಸರಿಯಾಗಿ ಸಾಕಾಯಿತು. ಮತ್ತೆ ಮೇಸ್ತ್ರಿ, ಮತ್ತೆ 250. ಅವರು ನಗಲಿಲ್ಲ. ಮೊದಲ ಸಲ ಹೊಲಿಯುವಾಗಲೇ ಗೊತ್ತಾಗಿತ್ತು ಎಂದರು. ಮತ್ತೆ ಹೇಳಲಿಲ್ಲ ಯಾಕೆ ಎಂದು ಕೇಳಿದೆ. “ನೀವೇ ಮಾಡುತ್ತೇನೆ ಎಂದು ಹೇಳಿದ್ದಿರಲ್ಲ.”

ಆಗಸ್ಟ್ 17: ತೊಡಿಸಿದ್ದು

ರಿಂಗುಗಳನ್ನು ಜಿ.ಐ. ತಂತಿಯಿಂದ ಮನೆಯಲ್ಲೇ ಬಗ್ಗಿಸಿದೆ. ಹಳೆಯ 46ರಲ್ಲಿ ಹನ್ನೊಂದು ಮತ್ತೆ ಬಳಕೆಗೆ ಬಂದವು. ಕವರನ್ನು ಒಂದು ಗಂಟೆ ಬಿಸಿಲಿಗೆ ಹಾಕಿ ಮೆತ್ತಗಾದ ಮೇಲೆ ಎಳೆದೆ. ಬಲ ಮೂಲೆಯಿಂದ ಶುರುಮಾಡಿದ್ದಕ್ಕೆ ಎದುರು ಮೂಲೆಯವರೆಗೆ ಓರೆ ಸುಕ್ಕು ಬಂತು. ಬಿಚ್ಚಿ, ಮುಂದಿನ ಅಂಚಿನ ನಡುವಿನಲ್ಲಿ ಒಂದು, ಹಿಂದಿನ ನಡುವಿನಲ್ಲಿ ಒಂದು, ಆಮೇಲೆ ಎರಡೂ ಕಡೆಗೆ ಒಂದೊಂದಾಗಿ ಹೋದೆ, ಮೂಲೆಗಳು ಕೊನೆಗೆ. ಸುಕ್ಕಿಲ್ಲ. ನಾಲ್ಕು ಹೊಸ ಬೋಲ್ಟುಗಳಿಗೆ ಗ್ರೀಸ್ ಹಚ್ಚಿ ಸೀಟು ಕೂರಿಸಿದೆ. ಬೋಲ್ಟುಗಳು ವರ್ಕ್‌ಶಾಪಿನವರು ಅಂದೇ ಕೊಟ್ಟಿದ್ದವು.

ಒಟ್ಟು ಖರ್ಚು 7,040 ರೂಪಾಯಿ, ಬಸ್ಸು, ಪಿಕಪ್ ಬಿಟ್ಟು. ಅದರಲ್ಲಿ ಹಾಸಿಗೆ ಫೋಮಿನ 220, ವೆಲ್ಡಿಂಗಿನ 200, ಮೊದಲ ಗಮ್ಮಿನ 290, ಎರಡನೆಯ ಹೊಲಿಗೆಯ 250, ಒಟ್ಟು 960 ಶುದ್ಧ ದಂಡ. ಅಂಗಡಿಯಲ್ಲಿ ಕೊಡುವುದಕ್ಕಿಂತ ಉಳಿದದ್ದೂ ಸರಿಯಾಗಿ 960. ಅಲ್ಲಿ ಎರಡು ದಿನ, ಇಲ್ಲಿ ನಾಲ್ಕು ತಿಂಗಳು.

ಸೆಪ್ಟೆಂಬರ್ 28

ಆರು ವಾರದ ನಂತರ ಅದೇ ಸಲಾಕೆ ಇಟ್ಟು ಅಳೆದೆ. ಬಲಗಡೆ ಮುಕ್ಕಾಲಕ್ಕಿಂತ ಕಡಿಮೆ, ಅರ್ಧ ಇಂಚಿನ ಹತ್ತಿರ. ಎಡಗಡೆ ಕಾಲು ಇಂಚು. ಚೆರ್ಕಳ ರಸ್ತೆಯ ಗುಂಡಿಗಳಲ್ಲಿ ದಿನವೂ ಓಡಾಡಿದ ಮೇಲೆ ಇಷ್ಟು. ಕಟಕಟ ಸದ್ದಿಲ್ಲ. ಹಿಂದಿನ ಸೀಟನ್ನು ಇನ್ನೂ ಮುಟ್ಟಿಲ್ಲ. ಅದರ ಅಡಿಗೆ ಟಾರ್ಚ್ ಹಾಕಿ ನೋಡಿದಾಗ ಅಲ್ಲಿಯೂ ಒಂದು ಕಡೆ ನೀಲಿ-ಹಸಿರು ಕಂಡಿತು.

ಅಪ್ಪ ನಿನ್ನೆ ಬದಿಯಡ್ಕಕ್ಕೆ ಹೊರಟರು. ನಾನು ಗೇಟಿನಲ್ಲಿ ನಿಂತು ಹಿಂದಿನಿಂದ ನೋಡುತ್ತಿದ್ದೆ. ಈಗ ಎಡಕ್ಕೆ ವಾಲಿದ್ದರು. ಓಡಿ ಹೋಗಿ ಕಾರು ನಿಲ್ಲಿಸಿ ಬಾಗಿಲು ತೆರೆದೆ. ಬಲ ತೊಡೆಯ ಅಡಿಯಲ್ಲಿ ಎಂಟು ಮಡಿಕೆಯ ಬೈರಾಸು ಇತ್ತು.